ಬಾಣ ಉಜ್ಜಲು ಹೋದದ್ದು

ಸೆಪ್ಟೆಂಬರಿನ ಕೊನೆಯ ಸೋಮವಾರ
ಮಿಕ್ಕ ನಾಲ್ಕು ಬ್ರೆಡ್ಡಿನ ಸಮೇತ ವ್ಯಾನನ್ನು
ಕತ್ತಾಳೆಯ ಮಗ್ಗುಲಿಗೆ ನಿಲ್ಲಿಸಿದೆ.
ಎಲಾದಿಯೋ ಆಗಲೇ ಬಂದು ಕಲ್ಲಿನ ಮೇಲೆ ಕೂತಿದ್ದ,
ತೊಡೆಯ ಮೇಲೆ ತಂತಿಬ್ರಷ್ಷು,
ಯಾರಿಗೋ ಕ್ಷೌರ ಮಾಡಲು ಹೊರಟವನ ಹಾಗೆ.

ಇಲ್ಲಿಂದ ಕೆಳಕ್ಕೆ ದಾರಿಯಿಲ್ಲ.
ಇದೆ; ಕೇಳಿದವರಿಗೆ ಇಲ್ಲ ಅನ್ನುತ್ತೇವೆ.
ಅಲ್ಮೆರಿಯಾದ ಬಸ್ಸಿಳಿದು ಬರುವ ಜೋಡಿಗಳಿಗೆ
ದೊಡ್ಡ ಬೀಚು ತೋರಿಸುತ್ತೇವೆ, ಛತ್ರಿಗಳಿರುವುದು,
ಐಸ್‌ಕ್ರೀಮು ಸಿಗುವುದು.
ಮೋಸವೇನಲ್ಲ. ಸಮುದ್ರ ಅಲ್ಲೂ ಅದೇ.

ಆದರೂ ಪ್ರತಿ ಬೇಸಿಗೆ ಯಾವನೋ ಒಬ್ಬ
ಪತ್ತೆ ಹಚ್ಚುತ್ತಾನೆ, ಹಿಂದೆ ಬರುವವನಿಗೆಂದು
ಬಂಡೆಯ ಮೇಲೆ ಬಾಣ ಬಿಡುತ್ತಾನೆ.
ಕೆಂಪು, ಹಸಿರು, ಒಮ್ಮೆ ಉಗುರಿನ ಬಣ್ಣದ್ದು.
ಚಳಿಗೆ ಮುಂಚೆ ಎಲಾದಿಯೋ ಇಳಿದು ಹೋಗಿ
ಒಂದೊಂದನ್ನೂ ಉಜ್ಜಿ ತೆಗೆಯುತ್ತಾನೆ.
ಯಾರೂ ಹೇಳಿದ್ದಲ್ಲ, ಕಾಸಿಲ್ಲ.
ಈ ಸಲ ಅವನ ಮೊಣಕಾಲಿಗೆ ನನ್ನ ಭುಜ ಬೇಕಾಯಿತು.

ಪಾಪಾಸುಕಳ್ಳಿ ದಾಟಿ, ಎಸ್ಪಾರ್ತೊ ಹುಲ್ಲಿನ ಜುಟ್ಟು ಹಿಡಿದು,
ಮೇಕೆಗಳಿಗಷ್ಟೇ ನೆನಪಿರುವ ತಿರುವುಗಳಲ್ಲಿ
ಮರ್ಯಾದೆ ಬಿಟ್ಟು, ಕುಂಡಿಯ ಮೇಲೆ ಜಾರಿ
ಇಳಿದೆವು.

ಕೊಲ್ಲಿ ಅಂದರೆ ಎಷ್ಟು?
ಎರಡು ದೋಣಿ ಮಲಗಬಹುದು, ಮೂರನೆಯದಕ್ಕೆ ಜಗಳ.
ಹೆಸರು ಲಾ ಸೋರ್ದಾ. ಕಿವುಡಿ.
ಮೂಡಣ ಗಾಳಿ ಊರಿನ ಬಾಗಿಲುಗಳ ಜೊತೆ
ಕಿತ್ತಾಡುವ ದಿನವೂ ಇಲ್ಲಿ ನೀರು ತಲೆ ಎತ್ತುವುದಿಲ್ಲ.
ಹಿಂದೆ ಸರಿಯುವಾಗ ಮಾತ್ರ ಗುಂಡುಗಲ್ಲುಗಳು
ಗೊರಗೊರ ಅನ್ನುತ್ತವೆ,
ಹಲ್ಲಿಲ್ಲದ ಬಾಯಿ ಆಲಿವ್ ಬೀಜ ಹೊರಳಿಸಿದ ಹಾಗೆ.
ದಡದುದ್ದಕ್ಕೂ ಒಣಗಿದ ಕಡಲಹುಲ್ಲು,
ಯಾರೋ ಕ್ಯಾಸೆಟ್ಟು ಒಡೆದು ರೀಲು ಸುರಿದಿದ್ದಾರೆ.
ನೀರುಕಾಗೆಯೊಂದು ರೆಕ್ಕೆ ಆರಲು ಹಾಕಿ
ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ನಲವತ್ತು ವರ್ಷ ಬಲೆ ಎಳೆದವನು, ಈಜು ಬರುವುದಿಲ್ಲ.
‘ಬಂದರೆ ಸಾಯುವುದು ತಡ, ಅಷ್ಟೇ’ ಅನ್ನುತ್ತಾನೆ.
ಚಪ್ಪಲಿ ಬಿಟ್ಟು ಪಾದ ಒದ್ದೆ ಮಾಡಿಕೊಂಡ,
ಹಣೆಗೂ ಒಂದು ಹನಿ.
ಆಮೇಲೆ ಕೆಲಸ.

ಮೂರು ಕೆಂಪು. ಒಂದು ಹಳದಿ.
ಒಂದು ಹೃದಯ, ಒಳಗೆ ಯಾರದೋ ಎರಡು ಅಕ್ಷರ.
ಹೃದಯಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.
ಪುಡಿಯುದುರಿ ಅವನ ಹುಬ್ಬು ಕೆಂಪಾಯಿತು.

ಆಮೇಲೆ ಸಿಕ್ಕಿದ್ದು ನೀಲಿ.
ದೋಣಿಗೆ ಬಳಿಯುವ ದಪ್ಪ ನೀಲಿ,
ಮೊಣಕಾಲೆತ್ತರಕ್ಕೆ, ಬೆರಳಲ್ಲಿ ಎಳೆದದ್ದು.
ಒಂದಾದ ಮೇಲೊಂದು, ಏಳು.
ಬ್ರಷ್ಷು ಊರಿದವನು ತಡೆದ.
‘ಕಾಸಿಲ್ದಾ, ಇಲ್ಲಿ ನೋಡು,
ಇದರ ಮೂತಿ ನೀರಿನ ಕಡೆಗಿಲ್ಲ.’

ಇರಲಿಲ್ಲ. ಏಳೂ ಮೇಲಕ್ಕೆ,
ಕತ್ತಾಳೆಯ ಕಡೆಗೆ, ಊರಿನ ಕಡೆಗೆ.
ಬನ್ನಿ ಅಂತ ಕರೆದದ್ದಲ್ಲ,
ತಾನು ವಾಪಸ್ಸು ಹೋಗಲು ಬರೆದುಕೊಂಡದ್ದು.

ಆ ನೀಲಿ ಊರಲ್ಲಿ ಒಂದೇ ಮನೆಯಲ್ಲಿದೆ.
ಆ ಮನೆಯ ಮುಂದೆ ನಾನು ಹಾರನ್ ಹೊಡೆಯುವುದು
ಒಳಗಿನ ಕೂಗಾಟ ಉಸಿರು ತೆಗೆದುಕೊಳ್ಳುವಾಗ.
ಹುಡುಗಿ ಬರುತ್ತಾಳೆ, ಎರಡು ಉದ್ದ ಬ್ರೆಡ್ಡು,
ಮುಷ್ಟಿಯಲ್ಲಿ ಬಿಸಿಯಾದ ಚಿಲ್ಲರೆ.
ಹೋದ ತಿಂಗಳು ಅವಳ ಉಗುರಿನಲ್ಲಿ ನೀಲಿಯಿತ್ತು.
ಶಾಯಿ ಅಂದುಕೊಂಡಿದ್ದೆ.
ಅಂದುಕೊಂಡು, ಚಿಲ್ಲರೆ ಎಣಿಸಿದ್ದೆ.

ಹೆಸರು ಇಬ್ಬರೂ ಹೇಳಲಿಲ್ಲ.
ಎಲಾದಿಯೋ ಬ್ರಷ್ಷನ್ನು ಬೆನ್ನಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಂಡ,
ಅದು ಬಂಡೆಯ ಕಣ್ಣಿಗೆ ಬೀಳಬಾರದು ಎಂಬಂತೆ.
ಬ್ರೆಡ್ಡು ಮುರಿದು ತಿಂದೆವು.
ಕಿವುಡಿ ತನ್ನ ಬೀಜಗಳನ್ನು ಹೊರಳಿಸುತ್ತಲೇ ಇದ್ದಳು,
ಕೇಳಿಸಿಕೊಂಡದ್ದು ಏನೇನಿದೆಯೋ.

ಹತ್ತುವಾಗ ಮಬ್ಬು ಕವಿದಿತ್ತು.
ಒಂದು ಕಡೆ ದಾರಿ ತಪ್ಪಿತು,
ಹುಟ್ಟಿದಾಗಿನಿಂದ ಇಲ್ಲೇ ಓಡಾಡಿದವನಿಗೆ.
ನನ್ನ ಭುಜ ಬಿಟ್ಟು, ಬಗ್ಗಿ,
ಬಂಡೆಯನ್ನು ಅಂಗೈಯಿಂದ ತಡವಿದ,
ಮೊಣಕಾಲೆತ್ತರಕ್ಕೆ.
‘ಇದೆ’ ಅಂದ.